ವರದಮ್ಮನ ಕಂಪ್ಯೂಟರಿನ ಬಾಯಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಗುರುಮಲ್ಲಪ್ಪನವರ ಅಕ್ಕಿ ಗಿರಣಿಯ ಅಷ್ಟೂ ಕಂಪ್ಯೂಟರುಗಳನ್ನು ಒಂದು ತಿಂಗಳು ಒಬ್ಬರೇ ಸಂಭಾಳಿಸಿ ನೋಡಿ, ನಿಮ್ಮ ಸಿಟ್ಟು ಎಲ್ಲಿಗೆ ಬಂದು ಕೂರುತ್ತದೋ ಆಮೇಲೆ ಮಾತಾಡೋಣ.

ತೊಂಬತ್ತೊಂಬತ್ತನೇ ಇಸವಿ. ಶಿಕಾರಿಪುರದ ಗಿರಣಿಯಲ್ಲಿ ಆರು ಕಂಪ್ಯೂಟರು, ಸೊರಬದ ಭತ್ತ ಖರೀದಿ ಆಫೀಸಿನಲ್ಲಿ ನಾಲ್ಕು. ಎಲ್ಲದರಲ್ಲೂ ಹಳೆಯ ವಿಂಡೋಸ್ ತೆಗೆದು ಹೊಸದು ಹಾಕಬೇಕಿತ್ತು. ಒಂದೊಂದರ ಮುಂದೆಯೂ ಸಿಡಿ ಹಿಡಿದು ಕೂತರೆ ನನ್ನ ಮದುವೆ ವಯಸ್ಸು ಅಲ್ಲೇ ದಾಟಿಹೋಗುತ್ತದೆ ಎಂದು ತಾನಾಗಿ ಆಗುವಂತೆ ಒಂದು ಏರ್ಪಾಡು ಮಾಡಿದೆ. ಸಂಜೆ ಎಲ್ಲರೂ ಯಂತ್ರ ಆರಿಸದೆ ಮನೆಗೆ ಹೋಗಬೇಕು. ಆಮೇಲೆ ಪ್ರತಿ ಯಂತ್ರವೂ ತಾನೇ ಒಮ್ಮೆ ಆರಿ ಹೊತ್ತಿಕೊಂಡು, ಆ ಆಫೀಸಿನ ದೊಡ್ಡ ಕಂಪ್ಯೂಟರಿನಿಂದ ಹೊಸ ವಿಂಡೋಸ್ ಎಳೆದು ಹಾಕಿಕೊಳ್ಳುತ್ತದೆ. ಬೆಳಗಾಗುವುದರೊಳಗೆ ಆಗದಿದ್ದರೆ ಆವತ್ತಿಗೆ ಹಳೆಯದೇ ಇರುತ್ತದೆ.

ಶಿಕಾರಿಪುರದ ಆರೂ ಒಂದೇ ಸಲಕ್ಕೆ ಆದವು. ಸೊರಬದಲ್ಲಿ ಮೂರಾದವು. ವರದಮ್ಮನದೊಂದು ಆಗಲಿಲ್ಲ. ಮಾರನೇ ದಿನವೂ ಆಗಲಿಲ್ಲ.

ವರದಮ್ಮ ಸೊರಬದ ಶೆಡ್ಡಿನಲ್ಲಿ ಚೀಲ ಹೊಲಿಯುತ್ತಿದ್ದವರು. ಭತ್ತದ ದೂಳಿಗೆ ದಮ್ಮು ಹಿಡಿದು, ಎರಡು ಚೀಲ ಹೊಲಿದರೆ ಕೂತು ಏದುಸಿರು ಬಿಡಬೇಕಾಗಿತ್ತು. ಎಂಟನೇ ಕ್ಲಾಸು ಓದಿದ್ದಾರೆಂದು ತಿಳಿದು ನಾನೇ ಹಟ ಹಿಡಿದು ಆಫೀಸಿನ ಕುರ್ಚಿಗೆ ತಂದು ಕೂರಿಸಿದ್ದೆ, ಕೀಲಿಮಣೆ ಒತ್ತುವುದು ಕಲಿಸಿದ್ದೆ. ಆ ಕುರ್ಚಿಗೆ ಬಂದ ಮೇಲೆ ಅವರು ಸರಿಯಾಗಿ ಉಸಿರಾಡುತ್ತಿದ್ದರು.

ಗುರುಮಲ್ಲಪ್ಪನವರು ನನ್ನನ್ನು ಕರೆಸಿದರು. "ಬೇರೆ ಮಿಷನ್ನಿಗಿಲ್ಲದ ರೋಗ ಅದೊಂದಕ್ಕೇ ಯಾಕ ನೀಲಾಂಬಿಕ? ಆಯಮ್ಮ ಏನೋ ಎಡವಟ್ಟು ಮಾಡ್ತಾಳೆ. ಶನಿವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಶೆಡ್ಡಿಗೆ ಕಳಿಸಿಬಿಡನ."

"ಅವರದೇನೂ ತಪ್ಪಿಲ್ಲ ಸಾಹುಕಾರ್ರೆ," ಎಂದು ಹೇಳಿ ಸೊರಬದ ಬಸ್ಸು ಹತ್ತಿದೆ. ತಪ್ಪು ಯಾರದೆಂದು ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ವರದಮ್ಮನ ಯಂತ್ರ ಬಿಚ್ಚಿದೆ. ವೈರು ಸರಿಯಿತ್ತು, ಡಿಸ್ಕು ಸರಿಯಿತ್ತು. ಆರಿಸಿ ಹೊತ್ತಿಸಿದರೆ ಸಲೀಸಾಗಿ ಎದ್ದಿತು. ಮತ್ತೆ ಆರಿಸಿದೆ, ಮತ್ತೆ ಎದ್ದಿತು. ನನ್ನೆದುರಿಗೆ ಸಾಧು ಹಸು, ನಾನು ಬಸ್ಸು ಹತ್ತಿದರೆ ತುಡುಗು ಹೋರಿ. ಕೈಯಾರೆ ಹೊಸದು ಹಾಕಿ ಮುಗಿಸಬಹುದಿತ್ತು. ಆದರೆ ಮುಂದಿನ ಬದಲಾವಣೆಗೆ ಮತ್ತೆ ಇದೇ ರಗಳೆ, ಮತ್ತೆ ಶೆಡ್ಡಿನ ಮಾತು.

"ಬೆಳಿಗ್ಗೆ ಬಂದಾಗ ಪರದೆ ಮೇಲೆ ಏನಿತ್ತು ವರದಮ್ಮ?"

"ಏನೂ ಇರ್ಲಿಲ್ಲ ಮೇಡಂ," ಅಂದರು, ಸೆರಗಿನ ತುದಿ ತಿರುಚುತ್ತಾ.

ಸುಳ್ಳೆಂದು ಗೊತ್ತಾಯಿತು. ಬೈದರೆ ಇನ್ನೂ ಮುದುಡಿಕೊಳ್ಳುತ್ತಾರೆಂದು ನಾಲಿಗೆ ಕಚ್ಚಿಕೊಂಡೆ. ಸಂಜೆ ಆಫೀಸು ಮುಚ್ಚುವವರೆಗೂ ಆನವಟ್ಟಿಯಿಂದ ಬಂದ ಭತ್ತದ ಲೆಕ್ಕ ನೋಡುವವಳಂತೆ ಪಕ್ಕದ ಮೇಜಿನಲ್ಲೇ ಕೂತೆ.

ಉಳಿದವರು ಎದ್ದುಹೋದರು. ವರದಮ್ಮ ಕೀಲಿಮಣೆ ಒರೆಸಿ ಬಟ್ಟೆ ಹೊದಿಸಿದರು. ಬೆರಳು ಕಣ್ಣಿಗೊತ್ತಿಕೊಂಡರು. ಆಮೇಲೆ ಡ್ರಾದಿಂದ ಒಂದು ಫ್ಲಾಪಿ ತೆಗೆದು, ಮಗುವಿಗೆ ತುತ್ತು ಕೊಡುವ ಹಾಗೆ ಮೆಲ್ಲಗೆ ಯಂತ್ರದೊಳಗೆ ತಳ್ಳಿದರು.

"ಅದೇನ್ರೀ ಅದು?" ಎಂದೆ.

ವರದಮ್ಮ ಬೆಚ್ಚಿದರು. "ಬಾಯಿ ಬರಿದು ಬಿಡಬಾರ್ದಲ್ಲ ಮೇಡಂ. ಭತ್ತ ಅಳೆಯೋ ಕೊಳಗದಲ್ಲಿ ರಾತ್ರಿಗೆ ಒಂದು ಹಿಡಿ ಭತ್ತ ಬಿಡ್ತೀವಲ್ಲ, ಹಂಗೆ. ಬರಿ ಕೊಳಗ ಇಟ್ಟು ಮಲಗಿದ ಮನೆ ಉಂಟಾ? ಈಗ ಭತ್ತದ ಲೆಕ್ಕವೆಲ್ಲ ಇದರಲ್ಲೇ ಅಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ನಾನು ಗೊತ್ತುಮಾಡಿದ್ದ ಹೊತ್ತಾಗಿತ್ತು. ಯಂತ್ರ ತಾನಾಗಿ ಆರಿತು, ಹೊತ್ತಿತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬರೆದು ಅಲ್ಲಾಡದೆ ನಿಂತಿತು. ಆಗುವುದೇ ಹಾಗೆ. ಈ ಯಂತ್ರಗಳು ಎದ್ದ ಕೂಡಲೇ ಮೊದಲು ಫ್ಲಾಪಿಯಲ್ಲಿ ವಿಂಡೋಸ್ ಇದೆಯೇ ಎಂದು ಹುಡುಕುತ್ತವೆ. ಅಲ್ಲಿ ಬೇರೇನೋ ಸಿಕ್ಕರೆ, ಇದನ್ನು ತೆಗೆದು ಒಂದು ಕೀ ಒತ್ತಿ ಎಂದು ಇಂಗ್ಲಿಷಿನಲ್ಲಿ ಬರೆದು, ಯಾರಾದರೂ ಬರುವವರೆಗೂ ಕಾಯುತ್ತವೆ.

"ದಿನಾ ಬೆಳಿಗ್ಗೆ ಇದೇ ಇರ್ತಿತ್ತು," ವರದಮ್ಮ ಅಂದರು. "ಎರರ್ ಅಂತ ಬರ್ದಿತ್ತು. ನಾನೇ ಏನೋ ಕೆಡಿಸಿದೆ ಅಂತ ಹೆದರಿ ಹೇಳ್ಲಿಲ್ಲ. ಫ್ಲಾಪಿ ತೆಗೆದು ಕೀ ಒತ್ತಿದ್ರೆ ಸರಿಹೋಗ್ತಿತ್ತು. ಮತ್ತೆ ಶೆಡ್ಡಿಗೆ ಹಾಕಿದ್ರೆ ನನ್ನ ಉಸಿರು ನಿಲ್ತದೆ ಮೇಡಂ."

ನನಗೆ ಸಿಟ್ಟೂ ಬಂತು, ನಗುವೂ ಬಂತು. ಇದರಲ್ಲಿ ಏನಿಟ್ಟಿದ್ದೀರಿ ಎಂದು ಪಕ್ಕದ ಯಂತ್ರದಲ್ಲಿ ಫ್ಲಾಪಿ ತೆರೆದು ನೋಡಿದೆ. ಒಂದೇ ಒಂದು ಸಾಲು ಇತ್ತು. ಮೊದಲ ದಿನ ನಾನು ಕಲಿಸುವಾಗ ಅವರು ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಿದ ಅವರದೇ ಹೆಸರು.

"ನಾಳೆಯಿಂದ ಹಾಕಲ್ಲ ಬಿಡಿ," ಅಂದರು.

"ಹಾಕ್ರೀ. ನಿಮಗೆ ಹೇಳೋದಕ್ಕಿಂತ ಮಿಷನ್ನಿಗೆ ಬುದ್ಧಿ ಹೇಳೋದು ಸಲೀಸು."

ಎದ್ದ ಕೂಡಲೇ ಫ್ಲಾಪಿ ನೋಡಬೇಡ, ಮೊದಲು ನಿನ್ನ ಹೊಟ್ಟೆಯೊಳಗಿನ ಡಿಸ್ಕು ನೋಡು ಎಂದು ಯಂತ್ರದ ಒಳಗಿನ ಕ್ರಮವನ್ನೇ ಹಿಂದುಮುಂದು ಮಾಡಿದೆ. ಫ್ಲಾಪಿಯನ್ನು ವರದಮ್ಮನ ಕೈಯಿಂದಲೇ ಹಾಕಿಸಿ ಬಸ್ಸು ಹಿಡಿದೆ. ಶನಿವಾರ ಬೆಳಿಗ್ಗೆ ಶಿಕಾರಿಪುರಕ್ಕೆ ಫೋನು ಬಂತು. "ಮೇಡಂ, ಹೊಸದು ಬಂದದೆ. ಫ್ಲಾಪಿನೂ ಬಾಯಲ್ಲೇ ಇದೆ," ಅಂದರು. ಆ ದನಿ ಕೇಳಿ ನನಗಾದ ಖುಷಿ ಡಿಪ್ಲೊಮಾ ಪಾಸಾದ ದಿನವೂ ಆಗಿರಲಿಲ್ಲ.

ಆದರೆ ಸಾಹುಕಾರರು ಸುಮ್ಮನಾಗುವ ಪೈಕಿ ಅಲ್ಲ. "ಏನಾಗಿತ್ತು? ಆಯಮ್ಮಂದೇ ಕೆಲಸ ಹೌದಲ್ಲ?" ಎಂದು ನೇರವಾಗಿ ಕೇಳಿದರು. ವೈರಿನ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಸುಳ್ಳು ಹೇಳಿದರೆ ನನ್ನ ಮುಖವೇ ಸಾಕ್ಷಿ ಹೇಳುತ್ತದೆ. ಕೊಳಗದ ಮಾತಿನಿಂದ ಹಿಡಿದು ಎಲ್ಲವನ್ನೂ ಹೇಳಿ, "ಅವರನ್ನು ಶೆಡ್ಡಿಗೆ ಹಾಕೋದಾದ್ರೆ ನನ್ನ ಲೆಕ್ಕಾನೂ ಮುಗಿಸಿಬಿಡಿ" ಎಂದು ಸೇರಿಸಿದೆ.

ಗುರುಮಲ್ಲಪ್ಪನವರು ಎದ್ದು ಹೊರಗಿನ ಕೋಣೆಗೆ ಹೋಗಿ, ಕಂಪ್ಯೂಟರುಗಳ ಸಾಲಿನ ಮುಂದೆ ಒಂದೊಂದಕ್ಕೂ ಬಗ್ಗಿ ನೋಡುತ್ತಾ ಬಂದರು.

"ಹಂಗಾರೆ," ಅಂದರು, "ನಮ್ಮ ಇವು ಆರೂ ಇಷ್ಟು ದಿನ ಬರಿ ಬಾಯಲ್ಲೇ ಮಲಗ್ಯಾವೇನು?"

"ಹೌದ್ರೀ."

"ಓದಿದೋರು ನೀವು ಇಷ್ಟು ಮಂದಿ ಇದ್ದೀರಿ, ಒಬ್ರಿಗೂ ಹೊಳೀಲಿಲ್ಲ. ನಮ್ಮಪ್ಪ ಇದ್ದಿದ್ರೆ ನನಗೆ ಕೊಳಗ ತಗಂಡು ಬಡೀತಿದ್ದ. ಆಯಮ್ಮ ಕುರ್ಚಿ ಬಿಟ್ಟು ಅಲ್ಲಾಡಬ್ಯಾಡ ಅಂತ ಹೇಳು. ಇವಕ್ಕೂ ಇವತ್ತೇ ಬುದ್ಧಿ ಹೇಳಿ, ಬಾಯಿಗೆ ಹಾಕು."

ನಾನು ಹೊಸ ಫ್ಲಾಪಿಗಳ ಪೊಟ್ಟಣ ಬಿಚ್ಚಿದೆ. ಅವರು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದು ಖಾಲಿ ಐತಲ್ಲ. ಖಾಲಿ ಹಾಕಿದ್ರೆ ಏನು ಬಂತು? ಆಯಮ್ಮ ಏನು ತುಂಬ್ಯಾಳೆ?"

"ಅವರ ಹೆಸರು."

ಅಷ್ಟು ವರ್ಷ ಕಂಪ್ಯೂಟರನ್ನು ದೂರದಿಂದಲೇ ನೋಡಿದ ಮನುಷ್ಯ, ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದು ನನ್ನ ಕುರ್ಚಿಯಲ್ಲಿ ಕೂತರು. ಕನ್ನಡಕ ಸರಿಮಾಡಿಕೊಂಡು ಒಂದು ಬೆರಳು ಮುಂದೆ ಚಾಚಿದರು.

"ಜಿ ಎಲ್ಲೈತಿ, ತೋರ್ಸು," ಅಂದರು.