ಪಸಂದಕ್ಕೆ ಒಯ್ದ ಸೀರೆ

ಶಹಾಪುರದಲ್ಲಿ ಪರದೇಶದ ಬಟ್ಟೆ ಕಂಪನಿಯೊಂದು ಅಂಗಡಿ ತೆರೆದಾಗ, ಹದಿನೆಂಟು ವರ್ಷ ಹಳೇ ಬಜಾರದಲ್ಲಿ ಸೀರೆ ಬಿಡಿಸಿ ತೋರಿಸಿದ್ದ ಅತೀಕನನ್ನೇ ಹುಡುಕಿ ಕರೆದರು. ಊರಿನ ಗಿರಾಕಿಯನ್ನು ಬಲ್ಲವನು ಬೇಕಿತ್ತು. ಅಬ್ಬಾ ಸಾಹೇಬರಾದರೆಂದು ಮಗಳು ಉಮೆಸಲ್ಮಾ ಓಣಿಗೆಲ್ಲ ಹೇಳಿ ಬಂದಳು.

ಪಕ್ಕದ ಊರು ಗೋಗಿಯ ಕರೆಮ್ಮ ಅವನ ಹಳೇ ಗಿರಾಕಿ. ಬಜಾರದಲ್ಲಿ ಮದುವೆ ಸೀರೆ ಪಸಂದಕ್ಕೆ ಕೊಡುವುದು ರೂಢಿ. ದುಡ್ಡು ಕೊಡದೆ ಮೂರು ನಾಲ್ಕು ಸೀರೆ ಮನೆಗೆ ಒಯ್ದು, ಹಿರಿಯರು ಮುಟ್ಟಿ ಒಪ್ಪಿದ್ದನ್ನು ಇಟ್ಟುಕೊಂಡು, ಉಳಿದವನ್ನು ಮರುದಿನ ತಂದುಕೊಡುವುದು. ಈ ಹೊಸ ಅಂಗಡಿಯಲ್ಲಿಯೂ ಹಾಗೇ ಅಂದುಕೊಂಡು ಅವಳು ಮೂರು ಸೀರೆ ಚೀಲಕ್ಕಿಟ್ಟು ಹೊರಟಳು. ಬಾಗಿಲಿನ ಅಲಾರಂ ಕಿರುಚಿಕೊಂಡಿತು. ಕಾವಲಿನ ಮರಿಲಿಂಗ ಚೀಲ ಕಸಿದ.

"ಏ, ಕೈ ಬಿಡೋ! ಕಳ್ಳಿ ಅಂತ ತಿಳಿದೀ ಏನು? ಅತ್ತಿ ಹಾಸಗ್ಯಾಗ ಅದಾಳ, ಮುಟ್ಟಿ ನೋಡಿ ಹೇಳ್ತಾಳ. ನಾಳಿ ತರ್ತೀನಿ. ಅತೀಕಣ್ಣ, ಹೇಳ್ರಿ ಈ ದೊಣ್ಣಿನಾಯಕಗ!"

ಅಂಗಡಿಯೆಲ್ಲ ತಿರುಗಿ ನೋಡಿತು. ಗಿರಾಕಿಗಳು ಬಂದು, ಮುಟ್ಟಿ ನೋಡಿ, ಬರಿಗೈಯಲ್ಲಿ ಹೋಗುವುದೇಕೆಂದು ತಿಳಿಯಲು ಅಂದೇ ಕಂಪನಿಯ ಪರದೇಶಿ ಅಧಿಕಾರಿ ಬಂದಿದ್ದ. ದುಭಾಷಿಯ ಬಾಯಲ್ಲಿ ಮೆಲ್ಲಗೆ ಕೇಳಿಸಿದ: "ಈ ಕಡೆ ಹಾಗೊಂದು ಪದ್ಧತಿ ಇದೆಯೇ? ಇದ್ದರೆ ಹೇಳಿ, ಬರೆದುಕೊಳ್ಳುತ್ತಾರೆ."

ಹೌದೆಂದರೆ ಮುಗಿಯುತ್ತಿತ್ತು. ಆದರೆ ಆ ಹೊಳೆಯುವ ನೆಲದ ಮೇಲೆ ತನ್ನ ಊರೇ ಧೂಳುಗಾಲಲ್ಲಿ ಬಂದು ನಿಂತಂತಾಗಿ ಅತೀಕನಿಗೆ ಮುಜುಗರವಾಯಿತು.

"ಇಲ್ರಿ ಸರ್. ಅದೆಲ್ಲ ಹಿಂದಿನ ಕಾಲದ್ದು. ಈಗ ಯಾರೂ ಮಾಡಂಗಿಲ್ಲ."

ಮರಿಲಿಂಗ ಚೀಲ ಸುರಿದಾಗ ಸೀರೆಗಳ ಜೊತೆ ಅತ್ತೆಯ ಗುಳಿಗೆ, ಎರಡು ಬಾಳೆಹಣ್ಣು ಉರುಳಿದವು. ಕರೆಮ್ಮ ಸೀರೆಗಳನ್ನು ನೀಟಾಗಿ ಮಡಚಿಟ್ಟು, ಹಣ್ಣು ಆರಿಸಿಕೊಂಡು ಹೋದಳು.

ಮರುದಿನ ಅತೀಕ ಆ ಮೂರೂ ಸೀರೆ ತನ್ನ ಹೆಸರಿಗೆ ಬರೆಸಿ ಗೋಗಿಗೆ ಹೋದ. ಕರೆಮ್ಮ ನೀರು ಕೊಟ್ಟಳು. ಸೀರೆಯ ಗಂಟು ಬಿಚ್ಚಗೊಡಲಿಲ್ಲ.

"ತಪ್ಪಾತವ್ವಾ."

"ನನ್ನ ಮುಂದ ಹೇಳಿದ್ರ ಏನ್ ಬಂತಣ್ಣ? ನಾ ಕಳ್ಳಿ ಅಲ್ಲಂತ ನನಗ ಗೊತ್ತದ. ಅಲ್ಲಿ ನಿಂತು ನೋಡಿದ ಮಂದಿಗಿ ಹೇಳ್ರಿ."

ಅಧಿಕಾರಿ ನಸುಕಿನಲ್ಲೇ ಹೈದರಾಬಾದಿಗೆ ಹೊರಟುಹೋಗಿದ್ದ, ಅತೀಕನ ಮಾತು ಬರೆದುಕೊಂಡು.

ಮರಳುವ ಆಟೋದಲ್ಲಿ ಮಂದಿ ಕಿಕ್ಕಿರಿದಿತ್ತು. "ನಮ್ಮೂರ ಕರೆಮ್ಮ ಸೀರಿ ಕದ್ದು ಸಿಕ್ಕಾಳಂತಲ್ಲಪ್ಪಾ," ಎಂದ ಒಬ್ಬ.

"ಆಕಿ ಕದ್ದಿಲ್ಲ. ಸುಳ್ಳು ಹೇಳಿದಾವ ನಾನು," ಎಂದ ಅತೀಕ.

ಆಟೋದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. "ಏನಂದ್ರಿ?" ಎಂದು ಎಲ್ಲರೂ ಅವನತ್ತ ಬಾಗಿದರು. ಇನ್ನೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ.