ಐದನೆಯ ಗಂಟು

ನಾಗರತ್ನಾಳ ಟೆಸ್ಟ್ ಲ್ಯಾಂಪು ಹತ್ತಲಿಲ್ಲ. ಕಾಯಿಲ್‌ನ ಎರಡೂ ತುದಿಗೆ ಮುಟ್ಟಿಸಿ ನೋಡಿದಳು, ಬಲ್ಬನ್ನು ತಿರುವಿ ಬಿಗಿ ಮಾಡಿ ನೋಡಿದಳು, ಕೊನೆಗೆ ಬಲ್ಬಿಗೆ ಬೈದೂ ನೋಡಿದಳು. ಊಹೂಂ.

ಎದುರಿನ ಸ್ಟೂಲಿನ ಮೇಲೆ ಖಾನಾಪುರದ ಸೋಮಲಿಂಗ ಕೂತಿದ್ದ. ಅವನ ಹಿಟ್ಟಿನ ಗಿರಣಿಯ ಮೋಟರು ಸುಟ್ಟು ಮೂರು ದಿನ. ಮುಂಜಾನೆಯಿಂದ ತಾಸಿಗೊಮ್ಮೆ ಫೋನು ಮಾಡಿ, ಸಾಲದೆಂದು ಈಗ ಖುದ್ದಾಗಿ ವಡಗಾವಿಗೇ, ಮೋಟರಿಗೆ ತಂತಿ ಸುತ್ತುವ ಅವಳ ಅಂಗಡಿಗೇ ಬಂದಿದ್ದ.

"ವೈನಿ, ನಾಲ್ಕರ ತನಕಾ ನೋಡ್ತೀನ್ರಿ. ದೀಪ ಹತ್ತಿದ್ರ ಮೋಟರ್ ಇಲ್ಲೇ ಇರ್ಲಿ. ಇಲ್ಲಂದ್ರ ಉದ್ಯಮಬಾಗದ ದೊಡ್ಡ ವರ್ಕ್‌ಶಾಪಿಗೆ ಒಯ್ತೀನಿ."

ಖಾನಾಪುರದಿಂದ ಬಂದ ಮೊದಲ ಗಿರಾಕಿ. ಇವನು ಬಾಯಿ ಬಿಟ್ಟರೆ ಮತ್ತೊಬ್ಬ ಅಲ್ಲಿಂದ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ತಂತಿಯ ಹೊಸ ರೀಲು ಬಂದಿರಲಿಲ್ಲ. ಉಳಿದ ತುಂಡು ತಂತಿಗಳನ್ನೇ ಕೂಡಿಸಿ ಸುತ್ತಬೇಕಾಗಿತ್ತು. ಮುಂಜಾನೆ ಒಂದು ಗಂಟು ತಾನೇ ಹಾಕಿ ತೋರಿಸಿ, ಮುಂದಿನ ನಾಲ್ಕನ್ನು ಮಾವ ಬಸಲಿಂಗಪ್ಪನಿಗೆ ಒಪ್ಪಿಸಿದ್ದಳು. ನಲವತ್ತು ವರ್ಷ ಮಗ್ಗದ ಮೇಲೆ ಕಡಿದ ಎಳೆ ಕೂಡಿಸಿದ ಕೈ. ಇನ್ನೇನು ಬೇಕು?

ಕಾಯಿಲ್ ಬಿಚ್ಚಿ, ಮಾವ ಹಾಕಿದ ಗಂಟುಗಳ ಮೇಲೆ ಹೊದಿಸಿದ್ದ ಸ್ಲೀವು ಸರಿಸಿದಳು. ನಾಲ್ಕೂ ಗಂಟು ನೋಡಲು ಬಲು ಚೆಂದ. ಆದರೆ ತಂತಿಯ ಮೇಲಿನ ವಾರ್ನಿಶ್ ಒಂದರಲ್ಲೂ ಕೆರೆದಿರಲಿಲ್ಲ. ಅದನ್ನು ಕೆರೆಯದೆ ಎಷ್ಟು ಹೊಸೆದರೇನು, ಕರೆಂಟು ದಾಟುತ್ತದೆಯೇ?

"ಮಾವಾರ, ಇದೇನ್ ಸೀರಿ ಅಂತ ತಿಳ್ದೀರೇನ್ರಿ? ಬರೇ ಎಳಿಗೆ ಎಳಿ ಹೊಸದ್ರ ಮುಗೀತೇನು? ನಿಮ್ಮ ನೇಕಾರಿಕಿ ಇಲ್ಲಿ ನಡ್ಯಾಂಗಿಲ್ಲ!"

ಗಿರಾಕಿಯ ಎದುರು ಹೀಗೆ ಅನ್ನಿಸಿಕೊಂಡ ಮುದುಕ ತಲೆ ತಗ್ಗಿಸಿದ. ಅವಳು ನಾಲ್ಕನ್ನೂ ಕೆರೆದು, ಹೊಸೆದು, ಬೆಸುಗೆ ಹಾಕಿದಳು. ಲ್ಯಾಂಪು ಹತ್ತಲಿಲ್ಲ. ನಾಲ್ಕು ಗಂಟೆಗೆ ಇನ್ನು ಹತ್ತೇ ನಿಮಿಷವಿತ್ತು.

"ಐದನೇದ್ದೂ ನೋಡ್ ಯವ್ವಾ," ಎಂದ ಬಸಲಿಂಗಪ್ಪ ಮೆಲ್ಲಗೆ.

"ಅದು ನಂದ್ರಿ. ಅದನ್ನೇನ್ ನೋಡೂದು?"

"ನೋಡು."

ಸಿಟ್ಟಿನಿಂದಲೇ ಸ್ಲೀವು ಎಳೆದಳು. ವಾರ್ನಿಶ್ ಹೊಳೆಯುತ್ತಿತ್ತು. ಮುಂಜಾನೆ ಬ್ಲೇಡು ಕೈಗೆತ್ತಿಕೊಳ್ಳುವಾಗ ಸೋಮಲಿಂಗನ ಫೋನು ಬಂದದ್ದು, ಅದನ್ನು ಹೆಗಲಿಗೆ ಆನಿಸಿಕೊಂಡೇ ತಂತಿ ಹೊಸೆದದ್ದು, ಎಲ್ಲಾ ನೆನಪಾಯಿತು. ಮುದುಕ ತಾನು ಕಂಡಂತೆಯೇ ನಾಲ್ಕೂ ಹಾಕಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಹಾಗಾಯಿತು ತನ್ನ ಪಾಡು.

ಕೆರೆದು ಕೂಡಿಸಿದಳು. ಲ್ಯಾಂಪು ಝಗ್ಗೆಂದು ಹತ್ತಿತು.

"ಹತ್ತಿತಲ್ರೀ! ತಪ್ಪು ಎಲ್ಲಿತ್ರಿ?" ಸೋಮಲಿಂಗ ಎದ್ದು ಬಂದ.

"ನಂದಪಾ," ಎಂದ ಬಸಲಿಂಗಪ್ಪ, ಅವಳಿಗಿಂತ ಮೊದಲು. "ವಯಸ್ಸಾತು, ಕಣ್ಣು ಕಾಣಾಂಗಿಲ್ಲ."

ನಾಗರತ್ನಾ ಬ್ಲೇಡು ಕೆಳಗಿಟ್ಟಳು. ಸುಮ್ಮನಿದ್ದರೆ ಗಿರಾಕಿಯೂ ಉಳಿಯುತ್ತಾನೆ, ಹೆಸರೂ ಉಳಿಯುತ್ತದೆ.

"ಖರೇ ಅಲ್ರಿ ಅದು," ಎಂದಳು. "ತಪ್ಪು ಕಲಿಸಿದಾಕಿ ನಾನು. ಅವ್ರು ಕಲ್ತಿದ್ದು ಮಾಡ್ಯಾರ. ಮೋಟರ್ ಬಿಡ್ತೀರೋ ಒಯ್ತೀರೋ ನೀವ ನೋಡ್ರಿ. ಬಿಟ್ರ ಮಾತ್ರ, ನಿಮಗ ಕೈ ಮುಗೀತೀನಿ, ಮತ್ತ ಫೋನ್ ಮಾಡಬ್ಯಾಡ್ರಿ."