ಕಾಳಪ್ಪನ ರಾಚೆಟ್

ನಟ್ಟು ಬಿಗಿಯುವ, ಬಿಚ್ಚುವ ರಾಚೆಟ್ ಪಾನಾ ಕೊಳ್ಳುವಾಗ ಹೊಳಪು ನೋಡಬಾರದು, ಸದ್ದು ಕೇಳಬೇಕು ಎಂದು ಕಾಳಪ್ಪ ಹೇಳುತ್ತಿದ್ದ. ಮುದ್ದೇಬಿಹಾಳದ ಸಂತೆಯಲ್ಲಿ ಹಳೆ ಕಬ್ಬಿಣ ಮಾರುವವನ ಗೋಣಿಚೀಲದ ಮೇಲೆ ಮೂರು ರಾಚೆಟ್‌ಗಳಿದ್ದವು. ಎರಡು ಹೊಸವು, ಕನ್ನಡಿಯಂತೆ ಮಿಂಚುತ್ತಿದ್ದವು. ಮೂರನೆಯದು ಯಾವುದೋ ಲಾರಿಯ ಸಾಮಾನಿನ ಜೊತೆ ಬಂದದ್ದು, ಹಿಡಿಕೆ ಕಪ್ಪಾಗಿತ್ತು. ಕಾಳಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಿದ.

"ಏನ್ ಉಸ್ತಾದ, ರೇಡಿಯೋ ಹಚ್ಚೀಯೇನ?" ಎಂದು ಬಂದೇನವಾಜ ನಕ್ಕ.

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಇಬ್ಬರೂ ಕೂಡಿ ಡೀಸೆಲ್ ಪಂಪುಗಳ ರಿಪೇರಿ ಅಂಗಡಿ ಇಟ್ಟಿದ್ದರು. ವಯಸ್ಸು ಹೆಚ್ಚುಕಡಿಮೆ ಒಂದೇ. ಉಸ್ತಾದ ಎನ್ನುವುದು ಅರ್ಧ ಚೇಷ್ಟೆ, ಅರ್ಧ ನಿಜ.

"ಹುಚ್ಚಪ್ಯಾಲಿ, ಕೇಳಿಲ್ಲಿ. ಹೊಸಾವು ಎರಡೂ ದಪ್ಪ ಹಲ್ಲಿನಾವು, ಇಕ್ಕಟ್ಟ ಜಾಗಾದಾಗ ಉಪಯೋಗ ಇಲ್ಲ. ಇದು ನೋಡು, ಸಣ್ಣ ಹಲ್ಲು. ಹಿಡಿಕಿ ಒಂಚೂರ ಸರಿಸಿದ್ರೂ ನಟ್ಟು ಹಿಡೀತೈತಿ. ಮತ್ತ ಬೆನ್ನಿಗೆ ಸ್ಕ್ರೂ ಅದಾವ. ಬಿಚ್ಚಾಕ ಬರೂದಿಲ್ಲಂದ್ರ ತಗೋಬಾರ್ದು. ಒಳಗ ಏನಾಗೇತಿ ಅಂತ ಹೆಂಗ ಗೊತ್ತಾಗಬೇಕು?"

ಕಪ್ಪು ಹಿಡಿಕೆಯದೇ ಮೂರರಲ್ಲಿ ಅಗ್ಗದ್ದು. ಅದನ್ನೇ ತಂದರು. ಪ್ರತಿ ಅಮಾವಾಸ್ಯೆಯ ಹಿಂದಿನ ದಿನ ಅಂಗಡಿಯಲ್ಲೇ ಕಾಳಪ್ಪ ಅದನ್ನು ಬಿಚ್ಚಿ, ಹಲ್ಲಿನ ಚಕ್ರವನ್ನೂ ಅದನ್ನು ತಡೆಯುವ ಪುಟ್ಟ ಕೊಕ್ಕೆಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಂದು ಹನಿ ಮಷಿನ್ ಎಣ್ಣೆ ಬಿಟ್ಟು ಮುಚ್ಚುತ್ತಿದ್ದ. ಅಮಾವಾಸ್ಯೆಯ ದಿನ ಎತ್ತುಗಳಿಗೆ ರಜೆ ಕೊಡುವಂತೆ ಹತ್ಯಾರಗಳಿಗೂ ರಜೆ. ಅಂದು ಅವು ಮನೆಯ ಜಗುಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕೂತಿರುತ್ತಿದ್ದವು. ಹೆಂಡತಿ ರೇವವ್ವ ಕಂಡದ್ದು ಅಷ್ಟೇ. ಹಿಂದಿನ ದಿನದ ಕೆಲಸ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೈದರ ಸಂಕ್ರಾಂತಿಗೆ ಮುಂಚೆ, ಕನ್ನೊಳ್ಳಿಯ ಒಂದು ಬಾವಿಯ ದಂಡೆಯ ಮೇಲೆ ಎಂಜಿನ್ನಿನ ಮುಂದೆ ಕೂತಿದ್ದ ಕಾಳಪ್ಪ ಪಕ್ಕಕ್ಕೆ ವಾಲಿದ. ಲಕ್ವ. ಬಲಭಾಗ ಪೂರ್ತಿ ಹೋಯಿತು. ಮಾತು ಸ್ವಲ್ಪ ದಿನದಲ್ಲಿ ಮರಳಿತು, ಕಾಲು ಎಳೆಯುತ್ತ ನಡೆಯುವಷ್ಟಾಯಿತು. ಉಳಿದದ್ದು ಕೈ. ಆ ಕೈ ಬಂದರೆ ಅಂಗಡಿ, ಬರದಿದ್ದರೆ ಇಲ್ಲ. ಎಣ್ಣೆ ತಿಕ್ಕಿ ದಿನಾ ಆಡಿಸಬೇಕು, ಬಿಟ್ಟರೆ ಸೆಟೆದು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು.

ಬಂದೇನವಾಜ ಒಂದು ದೊಡ್ಡ ಬೋಲ್ಟನ್ನು ಅವನ ಹಾಸಿಗೆಯ ಪಕ್ಕದ ಕಂಬಕ್ಕೆ ಅಲುಗದಂತೆ ಬಿಗಿದ. ಬೋಲ್ಟಿನ ತಲೆಗೆ ರಾಚೆಟ್ ತೊಡಿಸಿ, ಹಿಡಿಕೆಯನ್ನು ಹಿಂದಕ್ಕೆ ಎಳೆದು ತೋರಿಸಿದ. ಕಟಕಟ ಎಂದಿತು.

"ಇಷ್ಟ ನೋಡು. ಇದು ಕಟಕಟ ಅಂದ್ರ ನಿನ್ನ ಕೈ ಬಂತು ಅಂತ ತಿಳಿ. ಅಂಗಡಿ ಕೀಲಿ ನನ್ನ ಹತ್ರ ಇರ್ತೈತಿ."

ಆಮೇಲೆ ಅವನು ಬಸವನ ಬಾಗೇವಾಡಿ ಕಡೆ ಕಲ್ಲು ಒಡೆಯುವ ಮಷಿನ್ನಿನ ಕೆಲಸಕ್ಕೆ ಹೋದ. ಒಬ್ಬನಿಂದ ಅಂಗಡಿ ನಡೆಯುವಂತಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಕಾಳಪ್ಪನ ಕೈ ಹಿಡಿಕೆಯನ್ನು ಸ್ವಲ್ಪ ಎಳೆಯಿತು. ಕಟ್ ಎಂದಿತು. ರೇವವ್ವ ರೊಟ್ಟಿ ಬಡಿಯುವುದು ಬಿಟ್ಟು ಓಡಿ ಬಂದಳು.

"ಇನ್ನೊಮ್ಮಿ ಮಾಡ್ರಿ!"

"ಏನ್ ಗೊಂಬಿ ಆಟ ಅಂತ ಮಾಡೀಯೇನ?" ಎಂದವನು ಇನ್ನೊಮ್ಮೆ ಮಾಡಿದ.

"ರಾಚೆಟ್ಟಿಗೂ ಎಣ್ಣಿ ಬಿಡು, ಜಂಗ್ ಹಿಡದೀತು" ಎಂದು ಅವಳಿಗೆ ಹೇಳಿದ. ಯಾವ ಎಣ್ಣೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಸೀಮೆಯಲ್ಲಿ ಎಣ್ಣೆ ಎಂದರೆ ಕುಸುಬಿ ಎಣ್ಣೆ. ಒಗ್ಗರಣೆಗೆ ಅದು, ದೀಪಕ್ಕೆ ಅದು, ತಲೆಗೆ ಅದು. ದಿನಾ ಗಂಡನ ಕೈ ತಿಕ್ಕುವ ಬಟ್ಟಲಿನಿಂದಲೇ ಅವಳು ಪ್ರತಿ ಅಮಾವಾಸ್ಯೆ ರಾಚೆಟ್‌ನ ಸಂದಿಗೂ ನಾಲ್ಕು ಹನಿ ಬಿಟ್ಟಳು. ಹೊರಗಿನದನ್ನು ಸೀರೆಯ ಸೆರಗಿನಿಂದ ಒರೆಸಿ ಮಿಂಚುವಂತೆ ಮಾಡಿದಳು.

ಬೇಸಿಗೆ ಬಂತು. ಹಿಡಿಕೆ ಮೊದಲಿಗಿಂತ ಬಿಗಿಯಾಯಿತು. ಕಾರಹುಣ್ಣಿಮೆಯ ಹೊತ್ತಿಗೆ ಅಲುಗಲೇ ಇಲ್ಲ.

"ನಿನ್ನಿ ಅದ ಕೈಲೆ ನೀರಿನ ಚರಿಗಿ ಎತ್ತಿದ್ರೆಲ್ಲ" ಎಂದಳು ರೇವವ್ವ. "ನನ್ನ ಮುಂಗೈ ಹಿಡದಾಗ ಬಿಗಿ ಇತ್ತು. ಬರಾಕತ್ತೈತ್ರಿ ಕೈ."

"ನಿನಗ ಆಸೆ ಐತಿ, ಅದಕ್ಕ ಹಂಗ ಅನಸ್ತೈತಿ. ಕಬ್ಬಿಣ ಸುಳ್ಳ ಹೇಳೂದಿಲ್ಲ."

ರಾಚೆಟ್ ಬಿಚ್ಚಿ ನೋಡಬೇಕೆಂದು ಅವನಿಗೆ ಒಮ್ಮೆಯೂ ಹೊಳೆಯಲಿಲ್ಲ. ಹೊಳೆದಿದ್ದರೂ ಒಂದೇ ಕೈಯಿಂದ ಆ ಸ್ಕ್ರೂ ಬಿಚ್ಚುವಂತಿರಲಿಲ್ಲ. ಅವನು ಕಂಬದ ಕಡೆ ತಿರುಗುವುದನ್ನು ನಿಲ್ಲಿಸಿದ. ಆಮೇಲೆ ಕೈ ಆಡಿಸುವುದನ್ನೇ ನಿಲ್ಲಿಸಿದ. ರೇವವ್ವ ಎಣ್ಣೆ ಹಚ್ಚಿ ಬೆರಳು ಬಿಡಿಸಲು ಹೋದರೆ, "ಬಿಡು, ಸತ್ತ ಕೈಯಿ" ಎಂದು ಎಳೆದುಕೊಳ್ಳುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಬೆರಳುಗಳು ಅಂಗೈಗೆ ಮಡಚಿಕೊಂಡವು, ಮೊಣಕೈ ಎದೆಗೆ ಅಂಟಿತು.

ದೀಪಾವಳಿ ಕಳೆದ ಮೇಲೆ ಬಂದೇನವಾಜ ಬಂದ. ದೇವಣಗಾಂವದಲ್ಲಿ ಒಂದು ಎಂಜಿನ್ ನಿಂತಿತ್ತು. ಅದರ ಹೊಟ್ಟೆಯೊಳಗಿನ ನಟ್ಟಿಗೆ ಬೇರೆ ಯಾವ ಹತ್ಯಾರವೂ ಹಿಡಿಯುತ್ತಿರಲಿಲ್ಲ.

"ಸಣ್ಣ ಹಲ್ಲಿನದ ಬೇಕು ಉಸ್ತಾದ. ಎರಡ ದಿನದಾಗ ತಂದ ಕೊಡ್ತೇನಿ."

"ಒಯ್ಯಿ. ಇಲ್ಲಿ ಯಾರ ಕೆಲಸಕ್ಕ ಐತಿ?"

ಬಂದೇನವಾಜ ರಾಚೆಟನ್ನು ಕಂಬದ ಬೋಲ್ಟಿಗೆ ತೊಡಿಸಿ ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ ಮೇಲೆ, ಹಸಿ ತೊಗಲು ಕಿತ್ತಂತೆ ಒಂದಿಷ್ಟು ಸರಿಯಿತು.

"ಏನಪಾ, ಇದಕ್ಕೂ ಲಕ್ವ ಹೊಡದೈತೇನ?"

ಹೇಳಿ ನಕ್ಕ. ಕಾಳಪ್ಪ ನಗಲಿಲ್ಲ. ಅವನು ಹಾಸಿಗೆಯಿಂದ ಎದ್ದು ಕೂತಿದ್ದ.

"ಬಿಚ್ಚು ಅದನ್ನ."

ಬಂದೇನವಾಜ ಸ್ಕ್ರೂ ತೆಗೆದ. ಒಳಗೆ ಹಲ್ಲು ಕಾಣಲಿಲ್ಲ. ಬೆಲ್ಲದ ಪಾಕದಂಥ ಹಳದಿ ಅಂಟು ಸಂದಿಯನ್ನೆಲ್ಲ ತುಂಬಿತ್ತು. ಕೊಕ್ಕೆ ಅದರಲ್ಲಿ ಹೂತುಹೋಗಿತ್ತು. ಬೆರಳಿಂದ ತೆಗೆದು ಮೂಸಿದ.

"ವೈನಿ, ಇದಕ್ಕ ಏನ್ ಹಾಕೀರಿ?"

"ಕುಸುಬಿ ಎಣ್ಣಿ. ಒಂದ ಅಮಾಸಿನೂ ತಪ್ಪಿಸಿಲ್ಲ" ಎಂದಳು ರೇವವ್ವ. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು.

ಬಂದೇನವಾಜ ತಾಟಿನಲ್ಲಿ ಸೀಮೆಎಣ್ಣೆ ಹಾಕಿ ತೊಳೆದ, ಚೀಲದಿಂದ ಮಷಿನ್ ಎಣ್ಣೆ ತೆಗೆದು ಒಂದು ಹನಿ ಬಿಟ್ಟ, ಮುಚ್ಚಿದ. ಕಂಬಕ್ಕೆ ತೊಡಿಸಿ ಒಂದು ಬೆರಳಿಂದ ಎಳೆದ. ಕಟಕಟಕಟ ಎಂದಿತು.

"ನೀ ಹಿಡಿ" ಎಂದು ಕಾಳಪ್ಪನ ಬಲಗೈಯನ್ನು ಹಿಡಿಕೆಯ ಹತ್ತಿರ ಒಯ್ದ. ಬೆರಳು ಬಿಚ್ಚಲಿಲ್ಲ. ಬಂದೇನವಾಜ ಮೆಲ್ಲಗೆ ಬಿಡಿಸಲು ನೋಡಿದ. ಕಾಳಪ್ಪ ನೋವಿಗೆ ಹಲ್ಲು ಕಚ್ಚಿದ.

"ಬಿಡು. ಒಯ್ಯಿ ಅದನ್ನ. ದೇವಣಗಾಂವದವರು ಕಾಯಾಕತ್ತಿರಬೇಕು."

ಬಂದೇನವಾಜ ಹೊಸ್ತಿಲ ಹತ್ತಿರ ನಿಂತ. ರಾಚೆಟನ್ನು ಚೀಲಕ್ಕೆ ಹಾಕಿಕೊಂಡು ಹೋದ.

ರೇವವ್ವ ತಾಟು ತೊಳೆಯಲು ಎತ್ತಿಕೊಂಡಳು. ತಳದಲ್ಲಿ ಕೂತ ಹಳದಿ ಅಂಟನ್ನು ಉಗುರಿನಿಂದ ಕೆರೆದಳು. ಅದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕುಸುಬಿ ಎಣ್ಣೆ ಒಣಗಿ ಗಡಿಗೆಯ ಬಾಯಿಗೆ ಕಟ್ಟುವ ಇದೇ ಅಂಟನ್ನು ಅವಳು ದೀಪಾವಳಿಗೆ ಬೂದಿ ಹಾಕಿ ತಿಕ್ಕಿ ತೆಗೆದಿದ್ದಳು.

"ಏನ್ರಿ" ಎಂದಳು, ಅಲ್ಲಿಂದಲೇ. "ಕೈ ಬರಾಕತ್ತಿತ್ತಲ್ರಿ, ಆವಾಗ?"

"ಇಲ್ಲ."

"ಚರಿಗಿ ಎತ್ತಿದ್ರಿ."

"ಕಬ್ಬಿಣ ಹಳೇದಿತ್ತು. ಅದು ಹೆಂಗೂ ಕೆಡೂದ. ಸುಮ್ನ ಇರು."

ಅವಳು ನಂಬಲಿಲ್ಲ.

ಮುಂದಿನ ಅಮಾವಾಸ್ಯೆಗೆ ಬಟ್ಟಲು ತಂದು ಅವನ ಪಕ್ಕ ಕೂತಳು. ಬೆರಳು ಅದ್ದಲಿಲ್ಲ, ಬಟ್ಟಲನ್ನೇ ನೋಡುತ್ತ ಕೂತಳು. ಕಂಬದ ಬೋಲ್ಟಿಗೆ ಅವನ ಅಂಗಿ ತೂಗುತ್ತಿತ್ತು.

"ಹಚ್ಚು" ಎಂದ ಕಾಳಪ್ಪ. ಎಷ್ಟೋ ದಿನದ ಮೇಲೆ ತಾನಾಗಿಯೇ ಕೇಳಿದ್ದ.

ಅವಳು ಅವನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿ ಎಣ್ಣೆ ತಿಕ್ಕಿದಳು. ಬಿಟ್ಟ ಕೂಡಲೇ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಅವಳು ಮತ್ತೆ ಬಿಡಿಸಿದಳು.